ಸ್ಪೀಚ್ ಥೆರಪಿ ಜೊತೆಗೆ ಸ್ಪ್ಯಾನಿಷ್ ಓದಿದ್ದು – ನನ್ನ ಅನುಭವ

ಊರಲ್ಲಿ ಬಿಕಾಂ ಮುಗಿಸಿ ಟೆಕ್ಸಸ್‌ಗೆ ಬಂದೋಳು ನಾನು. ಸ್ಪೀಚ್ ಥೆರಪಿ ಓದ್ಬೇಕು ಅಂತ ವಿಚಾರಿಸಿದಾಗ ಗೊತ್ತಾಗಿದ್ದು, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಪಿಯುಸಿ ಆದ್ಮೇಲೆ ಸ್ಪೀಚ್-ಹಿಯರಿಂಗ್ ಡಿಗ್ರಿ ಬಿಎಎಸ್‌ಎಲ್‌ಪಿ ಸೇರ್ಕೊಂಡ ಹಾಗಲ್ಲ ಇಲ್ಲಿ, ಸ್ಪೀಚ್ ಪ್ಯಾಥಾಲಜಿಸ್ಟ್ (ಸ್ಪೀಚ್ ಥೆರಪಿ ಕೊಡೋರು) ಆಗೋಕೆ ಮಾಸ್ಟರ್ಸ್ ಬೇಕೇ ಬೇಕು. ಡಿಗ್ರಿ ಬೇರೆ ಸಬ್ಜೆಕ್ಟ್ ಆಗಿದ್ರೆ ಅದಕ್ಕೂ ಮೊದ್ಲು ಲೆವೆಲಿಂಗ್ ಕೋರ್ಸ್‌ಗಳು, ಅಂದ್ರೆ ಫೊನೆಟಿಕ್ಸ್ (ಮಾತಿನ ಶಬ್ದಗಳ ಅಧ್ಯಯನ), ಮಾತಿನ ಅಂಗಗಳ ಅನಾಟಮಿ, ಮಕ್ಕಳ ಭಾಷೆ ಬೆಳೆಯೋ ರೀತಿ, ಆಡಿಯಾಲಜಿ (ಕಿವಿ ಕೇಳಿಸೋದರ ಅಧ್ಯಯನ) ಇಂಥವು.

ಅದೇ ಟೈಮಲ್ಲಿ ಕಮ್ಯುನಿಟಿ ಕಾಲೇಜಲ್ಲಿ ಸ್ಪ್ಯಾನಿಷ್ ಶುರು ಮಾಡಿದೆ, ಫೀಸು ಕಮ್ಮಿ, ಸಂಜೆ ಕ್ಲಾಸೂ ಇತ್ತು. ಟೆಕ್ಸಸ್ ಸ್ಕೂಲಲ್ಲಿ ಕೆಲಸ ಮಾಡೋದಾದ್ರೆ ಮನೇಲಿ ಸ್ಪ್ಯಾನಿಷ್ ಆಡೋ ಮಕ್ಕಳು ಬಂದೇ ಬರ್ತಾರೆ. ನಮಗೆ ಉಚ್ಚಾರಣೆ ಅಷ್ಟು ಕಷ್ಟ ಇಲ್ಲ, ಅವರ ತ, ಪ, ಕ ನಮ್ಮ ಹಾಗೇ, ಇಂಗ್ಲಿಷಿನ ಥರ ಉಸಿರು ಬಿಟ್ಟು ಹೇಳಲ್ಲ. ಒದ್ದಾಡಿದ್ದು ಆರ್ಟಿಕಲ್ ವಿಷಯದಲ್ಲಿ, ಅಂದ್ರೆ ಇಂಗ್ಲಿಷಿನ 'ದಿ' ಥರ ನಾಮಪದದ ಮುಂದೆ ಬರೋ ಪದ, ಕನ್ನಡದಲ್ಲಿ ಅದು ಇಲ್ವೇ ಇಲ್ವಲ್ಲ, ಪುಲ್ಲಿಂಗದ ಎಲ್ ಹಾಕ್ಬೇಕೋ ಸ್ತ್ರೀಲಿಂಗದ ಲಾ ಹಾಕ್ಬೇಕೋ ಅಂತ ಪ್ರತಿ ಪದಕ್ಕೂ ನೆನಪಿಟ್ಕೋಬೇಕು.

ಆದ್ರೆ ಕ್ಲಿನಿಕ್‌ನಲ್ಲಿ ಕೈ ಹಿಡಿದಿದ್ದು ಅದೇ! ಭಾಷಾ ತೊಂದರೆ ಇರೋ ಮಗು ಇಂಗ್ಲಿಷಲ್ಲಿ ಸಾಮಾನ್ಯವಾಗಿ ಎಡವೋದು ಕ್ರಿಯಾಪದದ ಕಾಲದಲ್ಲಿ, ಪದದ ಕೊನೆಯ 'ed' ಬಿಡೋದು, 's' ಬಿಡೋದು. ಸ್ಪ್ಯಾನಿಷಲ್ಲಿ ಎಡವೋದು ಹೆಚ್ಚಾಗಿ ಆರ್ಟಿಕಲ್‌ನಲ್ಲಿ, ಮತ್ತೆ 'ಅದನ್ನ' 'ಅವಳನ್ನ' ಅನ್ನೋ ಅರ್ಥದ ಲೋ, ಲಾ ಅನ್ನೋ ಚಿಕ್ಕ ಪದಗಳಲ್ಲಿ. ಇಂಗ್ಲಿಷ್ ಕನ್ನಡಕ ಹಾಕ್ಕೊಂಡು ನೋಡಿದ್ರೆ ಇದು ಕಾಣೋದೇ ಇಲ್ಲ.

ಇನ್ನು ಉಲ್ಟಾ ಕೇಸೂ ಇದೆ, ತೊಂದರೆನೇ ಇಲ್ದಿರೋ ಮಗೂಗೆ ತೊಂದರೆ ಅಂತ ಲೇಬಲ್ ಬೀಳೋದು. ಸ್ಕೂಲ್‌ಗೆ 'ಎಸ್ಕೂಲ್' ಅಂದ್ರೆ ಅದು ಸ್ಪ್ಯಾನಿಷಿನ ಪ್ರಭಾವ ಅಷ್ಟೇ, ನಮ್ಮ ಹಳ್ಳಿ ಕಡೆ ಇಸ್ಕೂಲು ಅನ್ನಲ್ವಾ. ಪೋರ್ಟೊ ರಿಕೊ ಕಡೆಯ ಮಗು ಪದದ ಕೊನೆಯ 'ಸ' ನುಂಗಿದ್ರೆ ಬಹುವಚನ ಬರಲ್ಲ ಅಂತ ಬರೆಯೋಹಾಗಿಲ್ಲ, ಅವರಮ್ಮನೂ ಹಾಗೇ ಮಾತಾಡ್ತಾರೆ. ನಾಲಿಗೆ ಅದುರಿಸಿ ಹೇಳೋ 'ರ್ರ' ಅಂತೂ ಸ್ಪ್ಯಾನಿಷ್ ಮಕ್ಕಳಿಗೆ ಕೊನೆಗೆ ಬರೋ ಶಬ್ದಗಳಲ್ಲಿ ಒಂದು, ಮೂರು ವರ್ಷದ ಮಗೂಗೆ ಬಂದಿಲ್ಲ ಅಂತ ಗಾಬರಿ ಬೇಡ. ಮಗೂಗೆ ಎಷ್ಟು ಪದ ಗೊತ್ತು ಅಂತ ಎಣಿಸುವಾಗ್ಲೂ ಎರಡೂ ಭಾಷೆದು ಸೇರಿಸ್ಬೇಕು, ಒಂದೇ ಭಾಷೇಲಿ ಎಣಿಸಿದ್ರೆ ಮಗೂಗೆ ಗೊತ್ತಿರೋದ್ರಲ್ಲಿ ಎಷ್ಟೋ ಬಿಟ್ಟೇ ಹೋಗುತ್ತೆ. ಇದನ್ನೆಲ್ಲ ನನಗೆ ಕಲಿಸಿದ್ದು ಸ್ಪ್ಯಾನಿಷ್ ಫೊನೆಟಿಕ್ಸ್ ಮತ್ತೆ ಲಿಂಗ್ವಿಸ್ಟಿಕ್ಸ್ ಕೋರ್ಸ್‌ಗಳು, ಸಾಹಿತ್ಯದ ಕೋರ್ಸ್ ಚೆನ್ನಾಗಿತ್ತು ಆದ್ರೆ ಈ ಕೆಲಸಕ್ಕೆ ಅಷ್ಟು ಒದಗಲಿಲ್ಲ, ಒಂದೇ ಎಲೆಕ್ಟಿವ್‌ಗೆ ಜಾಗ ಇದ್ರೆ ಫೊನೆಟಿಕ್ಸೇ ತಗೊಳ್ಳಿ.

ಮಾಸ್ಟರ್ಸ್‌ನಲ್ಲಿ ಆಷಾ (ಅಮೆರಿಕದ ಸ್ಪೀಚ್-ಹಿಯರಿಂಗ್ ವೃತ್ತಿಪರರ ಸಂಘ) ಕೊಡೋ ಸರ್ಟಿಫಿಕೇಟ್‌ಗೆ 400 ಗಂಟೆ ಕ್ಲಿನಿಕಲ್ ಅನುಭವ ಬೇಕು, ಅದ್ರಲ್ಲಿ 25 ಗಂಟೆ ನೋಡಿ ಕಲಿಯೋದು, 375 ನೇರವಾಗಿ ಮಾಡೋದು. ಆಮೇಲೆ ಪ್ರಾಕ್ಸಿಸ್ ಅನ್ನೋ ಪರೀಕ್ಷೆ, ಹಿರಿಯರ ಮಾರ್ಗದರ್ಶನದಲ್ಲಿ 1,260 ಗಂಟೆ ಕೆಲಸ ಮಾಡೋ ಫೆಲೋಶಿಪ್. ಕ್ಲಿನಿಕ್ ಗಂಟೆಗಳಿಗೆ ನಾನು ಕೇಳಿ ಕೇಳಿ ಸ್ಪ್ಯಾನಿಷ್ ಮನೆಗಳ ಮಕ್ಕಳನ್ನೇ ಹಾಕಿಸ್ಕೊಂಡೆ. ಮನೇಲಿ ಇಂಗ್ಲಿಷ್ ಮಾತ್ರ ಆಡಿ ಅಂತ ಯಾರೋ ಹೇಳಿದಾರೆ ಅಂತ ಎಷ್ಟೋ ಅಮ್ಮಂದಿರು ಬರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎರಡು ಭಾಷೆ ಕೇಳೋದ್ರಿಂದ ಭಾಷಾ ತೊಂದರೆ ಬರಲ್ಲ. ಇಲ್ಲಿರೋ ಕನ್ನಡದ ಅಪ್ಪ ಅಮ್ಮಂದಿರಿಗೂ ಇದನ್ನೇ ಹೇಳ್ತೀನಿ, ಮನೇಲಿ ಕನ್ನಡ ನಿಲ್ಲಿಸ್ಬೇಡಿ.

ಬೈಲಿಂಗ್ವಲ್ ಅಂತ ಹೇಳ್ಕೊಳ್ಳೋಕೆ ಆಷಾ ಕೇಳೋದು ಹೆಚ್ಚುಕಮ್ಮಿ ಮಾತೃಭಾಷೆಯಷ್ಟು ಹಿಡಿತ, ನಾನು ಅಲ್ಲಿಗೆ ಇನ್ನೂ ತಲುಪಿಲ್ಲ. ಅದ್ಕೆ ಅಸೆಸ್‌ಮೆಂಟ್‌ಗೆ ಇಂಟರ್‌ಪ್ರಿಟರ್ ಕರೀತೀನಿ, ಶುರು ಮಾಡೋಕೆ ಮುಂಚೆನೇ ಅವರ ಜೊತೆ ಕೂತು ಹೇಳ್ಬಿಡ್ತೀನಿ, ಮಗು ಹೇಳಿದ್ದನ್ನ ತಿದ್ದಿ ಚಂದ ಮಾಡಿ ಹೇಳ್ಬೇಡಿ, ಬಿಟ್ಟ ಆರ್ಟಿಕಲ್ ಸೇರಿಸ್ಬೇಡಿ, ಹೇಗೆ ಬಂತೋ ಹಾಗೇ ನನಗೆ ಹೇಳಿ ಅಂತ.