ದನಿಗೆ ಕಂಪ್ರೆಸರ್ ಹೊಂದಿಸುವುದು: ಯಾವ ನಾಬ್ ಮೊದಲು?

ದನಿಯ ಗಟ್ಟಿ ಜಾಗಗಳನ್ನು ತಗ್ಗಿಸುವ ಕಂಪ್ರೆಸರ್ ಹಾಕಿ ಒಂದು ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್) ಆರಿಸಿದರೆ ಕೆಲಸ ಮುಗಿಯುವುದಿಲ್ಲ. ನಿಮ್ಮ ದನಿ ಯಾವ ಲೆವೆಲ್‌ನಲ್ಲಿ ರೆಕಾರ್ಡ್ ಆಗಿದೆ ಎಂಬುದು ಪ್ರಿಸೆಟ್ ಮಾಡಿದವರಿಗೆ ಗೊತ್ತಿರುವುದಿಲ್ಲ. ಅದರ ಥ್ರೆಶೋಲ್ಡ್ (ಹಿಡಿತ ಶುರುವಾಗುವ ಗೆರೆ) ನಿಮ್ಮ ಟ್ರ್ಯಾಕ್‌ಗೆ ಹೊಂದಿದರೆ ಅದು ಅದೃಷ್ಟ, ಅಷ್ಟೇ.

ಮೊದಲು ಲೆಕ್ಕ ತಿಳಿದಿರಲಿ. ಥ್ರೆಶೋಲ್ಡ್ -20 ಡಿಬಿ, ರೇಶಿಯೋ (ಗೆರೆ ದಾಟಿದ್ದನ್ನು ಎಷ್ಟರಿಂದ ಭಾಗಿಸಬೇಕೆಂಬುದು) 4:1 ಇದೆ, ಒಳಗೆ ಬಂದ ದನಿ -8 ಡಿಬಿ ಮುಟ್ಟಿತು ಎಂದುಕೊಳ್ಳಿ. ಅದು ಗೆರೆಯಿಂದ 12 ಡಿಬಿ ಮೇಲಿದೆ. ನಾಲ್ಕರಿಂದ ಭಾಗಿಸಿದರೆ 3. ಹೊರಗೆ ಬರುವುದು -17 ಡಿಬಿ. ಇಳಿದ 9 ಡಿಬಿಯನ್ನು ಗೇನ್ ರಿಡಕ್ಷನ್ ಮೀಟರ್ ತೋರಿಸುತ್ತದೆ. ಹಾಡಿನ ದನಿಗೆ 9 ಡಿಬಿ ಜಾಸ್ತಿಯೇ ಆಯಿತು. ಗಟ್ಟಿ ಜಾಗಗಳಲ್ಲಿ 3ರಿಂದ 6 ಇದ್ದರೆ ಸಾಕು.

ಅಟ್ಯಾಕ್ (ಹಿಡಿತ ಬೀಳಲು ತಗಲುವ ಸಮಯ), ರಿಲೀಸ್ (ಹಿಡಿತ ಬಿಡಲು ತಗಲುವ ಸಮಯ) ಇವುಗಳ ಪರಿಣಾಮ ಸೌಮ್ಯ ಸೆಟ್ಟಿಂಗ್‌ನಲ್ಲಿ ಕಿವಿಗೆ ಸಿಗುವುದಿಲ್ಲ. ಆದ್ದರಿಂದ ಮೊದಲು ಬೇಕೆಂದೇ ಅತಿ ಮಾಡಿ: ರೇಶಿಯೋ 10:1 ಇಟ್ಟು, ಮೀಟರ್ 15 ಡಿಬಿ ತೋರಿಸುವವರೆಗೆ ಥ್ರೆಶೋಲ್ಡ್ ಇಳಿಸಿ. ಆಟೋ ಮೇಕಪ್ (ಇಳಿದ ಲೆವೆಲನ್ನು ತಾನಾಗಿಯೇ ಏರಿಸುವುದು) ಇದ್ದರೆ ಅದನ್ನು ಆಫ್ ಮಾಡಿ. ಹಾಡಿನ ಒಂದೇ ಸಾಲನ್ನು ಲೂಪ್‌ನಲ್ಲಿ ಹಾಕಿಕೊಂಡು ಕೇಳುತ್ತಾ ಹೋಗಿ.

ಈಗ ಅಟ್ಯಾಕ್. 1 ಮಿಲಿಸೆಕೆಂಡ್‌ನಿಂದ ನಿಧಾನವಾಗಿ ಮೇಲೆ ಬನ್ನಿ. ಕ, ತ, ಟ, ಪಗಳ ಮೊನೆಯನ್ನು ಗಮನಿಸಿ. ತೀರಾ ಚುರುಕಿದ್ದರೆ ಈ ಅಕ್ಷರಗಳು ಮೊಂಡಾಗಿ ಸಾಹಿತ್ಯ ಅಸ್ಪಷ್ಟವಾಗುತ್ತದೆ. 30 ದಾಟಿದರೆ ಪ್ರತಿ ಪದದ ಮೊದಲ ಅಕ್ಷರ ಚುಚ್ಚುತ್ತದೆ, ಕಂಪ್ರೆಸರ್ ಹಿಡಿಯುವುದು ಅದರ ನಂತರ ಬರುವ ಸ್ವರವನ್ನು ಮಾತ್ರ. ದನಿಗೆ ಸಾಮಾನ್ಯವಾಗಿ 5ರಿಂದ 15ರ ನಡುವೆ ಸರಿಹೋಗುತ್ತದೆ. ಮೃದಂಗಕ್ಕಾದರೆ 20-30 ಬೇಕು. ಇಲ್ಲದಿದ್ದರೆ ಚಾಪಿನ ಹೊಡೆತವೇ ಸತ್ತುಹೋಗುತ್ತದೆ.

ರಿಲೀಸ್‌ಗೆ ಹೆಚ್ಚು ತಾಳ್ಮೆ ಬೇಕು. ತಾರ ಷಡ್ಜದಲ್ಲಿ ನಿಂತ ದನಿ ಮಧ್ಯ ಸ್ಥಾಯಿಗೆ ಇಳಿಯುವ ಜಾಗವನ್ನೇ ಲೂಪ್ ಮಾಡಿ. ರಿಲೀಸ್ 500 ಮಿಲಿಸೆಕೆಂಡ್ ಇದ್ದರೆ ಇಳಿದ ಸ್ವರಗಳ ಮೇಲೂ ಒತ್ತಡ ಉಳಿದು ಅವು ಅಡಗಿಹೋಗುತ್ತವೆ. 10-20ಕ್ಕೆ ಇಳಿಸಿದರೆ ಇನ್ನೊಂದು ತೊಂದರೆ. 100 ಹರ್ಟ್ಸ್‌ನ ಗಂಡುದನಿಯ ಒಂದು ಆವರ್ತನಕ್ಕೆ 10 ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಗೇನ್ ಏರಿಳಿದರೆ ಅಲೆಯ ಆಕಾರವೇ ಕೆಟ್ಟು ಮಂದ್ರದಲ್ಲಿ ಗೊರಗೊರ ಕೇಳುತ್ತದೆ. 60ರಿಂದ 120ರಲ್ಲಿ ಹುಡುಕಿ. ಗಾಯಕರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಮುಳ್ಳು ಸೊನ್ನೆಗೆ ಮರಳುತ್ತಿದ್ದರೆ ಸರಿ ಇದೆ ಎಂದರ್ಥ.

ಆಮೇಲೆ ರೇಶಿಯೋವನ್ನು 3:1ಕ್ಕೆ ತನ್ನಿ. ಬರೀ ಮಾತಿನ ರೆಕಾರ್ಡಿಂಗ್ ಆದರೆ 4:1 ಇರಬಹುದು. ಮೆತ್ತಗೆ ಹಾಡಿದ ಸಾಲುಗಳಲ್ಲಿ ಮೀಟರ್ ಅಲುಗಾಡದಂತೆ, ಗಟ್ಟಿ ಸಾಲುಗಳಲ್ಲಿ 5ರ ಆಸುಪಾಸು ತೋರಿಸುವಂತೆ ಥ್ರೆಶೋಲ್ಡ್ ಮೇಲೆತ್ತಿ. ನೀ (knee, ಥ್ರೆಶೋಲ್ಡ್ ಸುತ್ತ ಹಿಡಿತ ಮೆಲ್ಲಗೆ ಶುರುವಾಗುವ ಅಂತರ) 6 ಡಿಬಿ ಇದ್ದರೆ ಹಿಡಿತ ಶುರುವಾದದ್ದೇ ತಿಳಿಯುವುದಿಲ್ಲ.

ಮೇಕಪ್ ಗೇನ್ ಕೊನೆಗೆ. ಬೈಪಾಸ್ ಒತ್ತಿ, ಬಿಟ್ಟು ನೋಡಿ. ಎರಡೂ ಒಂದೇ ಜೋರಿಗೆ ಕೇಳುವಂತೆ ಇಡಿ. ಒಂದೆರಡು ಡಿಬಿ ಜೋರಾದದ್ದು ಯಾವಾಗಲೂ ಚೆಂದವೇ ಕೇಳುತ್ತದೆ, ಕಿವಿ ಮೋಸಹೋಗುವುದೇ ಇಲ್ಲಿ.

ಎರಡು ತೊಂದರೆಗಳು ಪದೇಪದೇ ಬರುತ್ತವೆ. ಭ, ಪ ಬಂದಾಗಲೆಲ್ಲ ಇಡೀ ದನಿ ಕುಸಿದರೆ, ಮೈಕ್‌ಗೆ ಬಡಿದ ಗಾಳಿಯ ಗುದ್ದು ಕಂಪ್ರೆಸರ್‌ನಲ್ಲಿ ಲೆವೆಲ್ ಅಳೆಯುವ ಡಿಟೆಕ್ಟರನ್ನು ಎಬ್ಬಿಸುತ್ತಿದೆ. ಸೈಡ್‌ಚೈನ್‌ನಲ್ಲಿ (ಡಿಟೆಕ್ಟರ್‌ಗೆ ಸದ್ದು ಹೋಗುವ ದಾರಿ) ತಗ್ಗಿನ ಸದ್ದನ್ನು ತಡೆಯುವ ಹೈಪಾಸ್ ಫಿಲ್ಟರನ್ನು 100 ಹರ್ಟ್ಸ್‌ಗೆ ಇಡಿ. ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ರಿಯಾಕಾಂಪ್ ಕಂಪ್ರೆಸರ್‌ನಲ್ಲಿ ಇದಕ್ಕೇ ಒಂದು ಸ್ಲೈಡರ್ ಇದೆ. ಗುದ್ದಿನ ಸದ್ದು ಮಾತ್ರ ಇದರಿಂದ ಹೋಗುವುದಿಲ್ಲ, ಅದಕ್ಕೆ ಕಂಪ್ರೆಸರ್‌ಗೆ ಮುಂಚೆಯೇ ಬೇರೆ ಫಿಲ್ಟರ್ ಬೇಕು. ಇನ್ನೊಂದು ತೊಂದರೆ, ಸಾಲು ಸಾಲಿನ ನಡುವೆ ತಂಬೂರಿ ಅಥವಾ ಫ್ಯಾನ್ ಸದ್ದು ಉಬ್ಬಿ ಬರುವುದು. ಮೇಕಪ್ ಎಷ್ಟು ಏರಿಸುತ್ತೀರೋ ಮೈಕ್‌ಗೆ ಸೋರಿದ ಸದ್ದೂ ಅಷ್ಟೇ ಏರುತ್ತದೆ. ರಿಲೀಸ್ ಸ್ವಲ್ಪ ಉದ್ದ ಮಾಡಿ. ಅದಕ್ಕಿಂತ ಒಳ್ಳೆಯದು, ಇಡೀ ಸಾಲೇ ಗಟ್ಟಿಯಾಗಿದ್ದರೆ ಅದನ್ನು ಕ್ಲಿಪ್ ಗೇನ್‌ನಲ್ಲಿ (ಆ ತುಣುಕಿನದೇ ಲೆವೆಲ್) ಮೊದಲೇ ಇಳಿಸಿ, ಕಂಪ್ರೆಸರ್‌ಗೆ 3 ಡಿಬಿ ಕೆಲಸ ಮಾತ್ರ ಉಳಿಸಿ.

1176 ಎಂಬ ಹಳೆಯ ಹಾರ್ಡ್‌ವೇರ್ ಕಂಪ್ರೆಸರ್‌ನ ಮಾದರಿಯ ಪ್ಲಗಿನ್ ಬಳಸುವಾಗ ಎಚ್ಚರ. ಅದರಲ್ಲಿ ಥ್ರೆಶೋಲ್ಡ್ ನಾಬ್ ಇಲ್ಲ, ಇನ್‌ಪುಟ್ ಏರಿಸಿದಷ್ಟೂ ಹಿಡಿತ ಹೆಚ್ಚು. ಅಟ್ಯಾಕ್, ರಿಲೀಸ್ ನಾಬ್‌ಗಳನ್ನು ಬಲಕ್ಕೆ ತಿರುಗಿಸಿದಷ್ಟೂ ಚುರುಕು. ಅತಿ ನಿಧಾನದ ಅಟ್ಯಾಕ್ ಕೂಡ 0.8 ಮಿಲಿಸೆಕೆಂಡ್ ಮಾತ್ರ. ದನಿಗೆ ಅಟ್ಯಾಕನ್ನು ಎಡಗಡೆಯ ಅತಿ ನಿಧಾನದ ಗುರುತಿನಿಂದಲೇ ಶುರು ಮಾಡಿ.