ಮೇಜಿನ ಕಾಲು ಕತ್ತರಿಸಿದ ಮೇಲೆ

ನಮ್ಮ ಹಾಲ್‌ನಲ್ಲಿ ಕಿಟಕಿ ಪಕ್ಕ ಒಂದು ತೇಗದ ಮೇಜಿದೆ. ನನ್ನ ಗಂಡ ಹೈಸ್ಕೂಲು ಓದುವಾಗ ಮಾವನವರು ಮಾಡಿಸಿದ್ದು. ಬೇರೆ ಮೇಜುಗಳಿಗಿಂತ ಅದು ನಾಲ್ಕು ಇಂಚು ಕುಳ್ಳು. ಮೊದಲು ಹಾಗಿರಲಿಲ್ಲ. ಆ ನಾಲ್ಕು ಇಂಚು ಕತ್ತರಿಸಿಸಿದವಳು ನಾನು. ಅದಕ್ಕೂ ಮುಂಚೆ ಮೂರು ತಿಂಗಳು ಹೆಗಲು, ಕುತ್ತಿಗೆ ನೋವಿನಲ್ಲಿ ಕಳೆದಿದ್ದೆ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಉಪಯೋಗವಾಗಬಹುದು ಅಂತ ಎಲ್ಲ ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು ಲೆಕ್ಕಪತ್ರದ ಕೆಲಸ. ಸಣ್ಣ ಅಂಗಡಿ, ಗ್ಯಾರೇಜು, ಹೋಟೆಲುಗಳ ಬಿಲ್ಲುಗಳನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕುವುದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು. ತಿಂಗಳು ತಿಂಗಳು 11ನೇ ತಾರೀಖಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ಈ ಎರಡು ತಾರೀಖುಗಳ ಹಿಂದಿನ ಮೂರು ದಿನ ಕುರ್ಚಿ ಬಿಟ್ಟು ಏಳುವುದೇ ಕಷ್ಟ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಆಫೀಸಿನ ಲ್ಯಾಪ್‌ಟಾಪ್ ಮನೆಯಲ್ಲಿತ್ತು. ಕೂರಲು ಮಾತ್ರ ಜಾಗ ಇರಲಿಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ನಾವು ನಾಲ್ಕು ಜನ. ಅತ್ತೆ, ಗಂಡ, ಮಗಳು, ನಾನು.

ಮೊದಲ ವಾರ ಮಂಚದ ಮೇಲೆ ದಿಂಬು ಇಟ್ಟುಕೊಂಡು ಕೂತೆ. ಆಮೇಲೆ ಡೈನಿಂಗ್ ಟೇಬಲ್. ಮೂರು ಹೊತ್ತು ಊಟ ತಿಂಡಿಗೆ ಎಲ್ಲ ಎತ್ತಿಡಬೇಕು. ಬಿಲ್ಲಿನ ಕಟ್ಟು ಒಮ್ಮೆ ಕಲೆಸಿಹೋದರೆ ಮತ್ತೆ ಜೋಡಿಸಲು ಅರ್ಧ ಗಂಟೆ ಬೇಕು. ಜೂನ್ ಹೊತ್ತಿಗೆ ಬಲಗೈ ಎತ್ತಿ ಕೂದಲು ಬಾಚಿಕೊಳ್ಳಲು ಆಗದಂತಾಯಿತು.

ಫಿಸಿಯೊಥೆರಪಿ ಮಾಡುವವರ ಹತ್ತಿರ ಹೋದೆ. ಅವರು ಕೈ ನೋಡುವ ಮೊದಲೇ, "ನೀವು ಕೆಲಸಕ್ಕೆ ಕೂರೋ ರೀತಿಯ ಫೋಟೊ ತೆಗೆಸಿ ತನ್ನಿ ಮೇಡಂ, ಪಕ್ಕದಿಂದ" ಅಂದರು. ಮಗಳು ತೆಗೆದ ಫೋಟೊ ನೋಡಿ ನನಗೇ ಗೊತ್ತಾಯಿತು. ಹೆಗಲು ಎರಡೂ ಕಿವಿಯ ಹತ್ತಿರ ಬಂದಿದ್ದವು. ಕಾಲಿನ ಬೆರಳು ಮಾತ್ರ ನೆಲ ಮುಟ್ಟಿತ್ತು. ತಲೆ ಮುಂದಕ್ಕೆ ಜೋತು ಬಿದ್ದಿತ್ತು. "ವ್ಯಾಯಾಮ ಹೇಳಿಕೊಡ್ತೀನಿ. ಆದರೆ ಮೇಜು ಹೀಗೇ ಇದ್ದರೆ ನೋವು ವಾಪಸ್ ಬರುತ್ತೆ" ಅಂದರು.

ರವಿಕೆ ಹೊಲಿಸುವಾಗ ಭುಜ, ತೋಳು, ಸುತ್ತಳತೆ ಎಲ್ಲ ಕೊಡುತ್ತೇವೆ. ಅಳತೆ ರವಿಕೆಯನ್ನೂ ಜೊತೆಗೆ ಇಟ್ಟು ಬರುತ್ತೇವೆ. ದಿನಕ್ಕೆ ಎಂಟು ಗಂಟೆ ಕೂರುವ ಜಾಗಕ್ಕೆ ಮಾತ್ರ ಅಳತೆ ಕೊಡುವುದಿಲ್ಲ, ಸಿಕ್ಕಿದ ಮೇಜಿಗೆ ಮೈಯನ್ನೇ ಹೊಂದಿಸಿಕೊಳ್ಳುತ್ತೇವೆ. ಅವತ್ತು ಸಂಜೆ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದೆ.

ಮೂರು ಅಳತೆ ಬೇಕು. ಬರಿಗಾಲಲ್ಲಿ ಕೂತು ತೆಗೆಯಬೇಕು. ಮನೆಯಲ್ಲಿ ನಾವು ಚಪ್ಪಲಿ ಹಾಕುವುದಿಲ್ಲ ಅಲ್ವಾ, ಆಫೀಸಿನಲ್ಲಿ ಶೂ ಹಾಕಿ ಕೂತ ಲೆಕ್ಕ ಇಲ್ಲಿಗೆ ಒಂದು ಇಂಚಾದರೂ ತಪ್ಪುತ್ತದೆ. ಮೊದಲನೆಯದು ನೆಲದಿಂದ ಮೊಣಕಾಲಿನ ಹಿಂಭಾಗದ ಮಡಿಕೆವರೆಗೆ. ಎರಡನೆಯದು ಕೂತ ಜಾಗದಿಂದ ಮೊಣಕೈವರೆಗೆ. ಹೆಗಲು ಸಡಿಲ ಬಿಟ್ಟು, ಮೊಣಕೈ ಪಕ್ಕೆಗೆ ತಾಗಿಸಿ, ಮುಂಗೈ ನೆಲಕ್ಕೆ ಸಮನಾಗಿ ಚಾಚಿರಬೇಕು. ಮೂರನೆಯದು ಕೂತ ಜಾಗದಿಂದ ಕಣ್ಣಿನವರೆಗೆ. ನನ್ನ ಎತ್ತರ 5 ಅಡಿ 1 ಇಂಚು. ನನಗೆ ಬಂದ ಲೆಕ್ಕ: 15 ಇಂಚು, ಎಂಟೂವರೆ ಇಂಚು, 28 ಇಂಚು.

ನಮ್ಮ ಊಟದ ಕುರ್ಚಿ 18 ಇಂಚು, ಟೇಬಲ್ 30 ಇಂಚು ಎತ್ತರ. ಆ ಕುರ್ಚಿಯಲ್ಲಿ ಕೂತರೆ ನನ್ನ ಮೊಣಕೈ ಇರುವುದು 26.5 ಇಂಚಿನಲ್ಲಿ. ಮೂರೂವರೆ ಇಂಚು ಮೇಲಿದ್ದ ಟೇಬಲಿಗೆ ಕೈ ತಲುಪಿಸಲು ಹೆಗಲು ದಿನವಿಡೀ ಎತ್ತಿಕೊಂಡೇ ಇತ್ತು. ನೋವಿನ ಮೂಲ ಅಲ್ಲಿತ್ತು.

ಹಾಗಾಗಿ ಮೊದಲು ಕುರ್ಚಿ ತನ್ನಿ, ಮೇಜಿನ ಯೋಚನೆ ಆಮೇಲೆ ಮಾಡಿ. ಕುರ್ಚಿ ಗೊತ್ತಾಗದೆ ಮೇಜಿನ ಎತ್ತರ ಗೊತ್ತಾಗುವುದಿಲ್ಲ. ಆಫೀಸುಗಳು ಖಾಲಿ ಮಾಡಿದ ಕುರ್ಚಿಗಳನ್ನು ಮಾರುವ ಒಂದು ಗೋಡೌನ್‌ನಲ್ಲಿ ನನಗೆ 3,500 ರೂಪಾಯಿಗೆ ಸಿಕ್ಕಿತು. ಹಳೆಯ ಕುರ್ಚಿ ತರುವವರು ಅಂಗಡಿಯಲ್ಲೇ ಹತ್ತು ನಿಮಿಷ ಕೂತು ನೋಡಿ. ಸೀಟು ಏರಿಸಿ ಇಳಿಸುವ ಕಂಬದೊಳಗಿನ ಗ್ಯಾಸ್ ಹೋಗಿದ್ದರೆ ನಿಧಾನವಾಗಿ ಕೆಳಗಿಳಿಯುತ್ತದೆ. ಬೆನ್ನು ಪೂರ್ತಿ ಒರಗಿಸಿದಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಇರಬೇಕು. ನನ್ನಂಥ ಕುಳ್ಳಗಿನವರಿಗೆ ಅಷ್ಟು ಉಳಿಯುವುದಿಲ್ಲ. ನಾನು ಸೊಂಟದ ಹಿಂದೆ ಹತ್ತಿಯ ಸಣ್ಣ ದಿಂಬು ಕಟ್ಟಿದ್ದೇನೆ. ಕೈ ಇಡುವ ಹಿಡಿಗಳು ಮೇಜಿಗೆ ತಾಗಿ ನನ್ನನ್ನು ದೂರ ಕೂರಿಸುತ್ತಿದ್ದವು. ಸ್ಕ್ರೂ ಬಿಚ್ಚಿ ತೆಗೆದುಬಿಟ್ಟೆ.

ಆ ಕುರ್ಚಿ ಎಷ್ಟು ಇಳಿಸಿದರೂ 17 ಇಂಚು. ಅದಕ್ಕೆ ಎಂಟೂವರೆ ಸೇರಿಸಿದರೆ ಇಪ್ಪತ್ತೈದೂವರೆ. ನನ್ನ ಮೇಜು ಅಷ್ಟೇ ಎತ್ತರ ಇರಬೇಕು. ಅಂಗಡಿಯಲ್ಲಿ ಅಂಥ ಮೇಜು ಸಿಗಲಿಲ್ಲ. ಮನೆಯಲ್ಲಿ ಇದ್ದ ತೇಗದ ಮೇಜು ಇಪ್ಪತ್ತೊಂಬತ್ತೂವರೆ.

"ಒಳ್ಳೇ ತೇಗದ ಮೇಜಿನ ಕಾಲು ಕತ್ತರಿಸ್ತೀಯೇನಮ್ಮಾ?" ಅಂದರು ಅತ್ತೆ. ಅವರಿಗೆ ಅದು ಮಾವನವರ ನೆನಪು. ನಾನು ಒತ್ತಾಯ ಮಾಡಲಿಲ್ಲ. ಎರಡು ದಿನ ಬಿಟ್ಟು ಅವರೇ, ನಾನು ಗೋಡೆ ಹಿಡಿದು ಹೆಗಲು ನೀವಿಕೊಳ್ಳುವುದನ್ನು ನೋಡಿ, "ಬಡಗಿ ಆಚಾರ್‌ನ ಕರೆಸು. ಆದರೆ ತುಂಡು ಮಾತ್ರ ಎಸೀಬೇಡ" ಅಂದರು.

ಕರೆಸುವ ಮೊದಲು ಜಾಗ ಗೊತ್ತು ಮಾಡಿಕೊಳ್ಳಬೇಕಿತ್ತು. ಮೇಜು 40 ಇಂಚು ಅಗಲ, 22 ಇಂಚು ಒಳಕ್ಕೆ. ಕುರ್ಚಿ ಹಿಂದೆ ಸರಿಸಿ ಏಳಲು ಇನ್ನೂ 30 ಇಂಚು ಬೇಕು. ಆ ಅಳತೆಗೆ ನೆಲದ ಮೇಲೆ ಹಳೆಯ ನ್ಯೂಸ್‌ಪೇಪರ್ ಹಾಸಿ ಟೇಪ್ ಅಂಟಿಸಿದೆ. ಮೂರು ದಿನ ಯಾರೂ ಪೇಪರ್ ತುಳಿಯದೆ ಓಡಾಡಬೇಕು ಅಂತ ಹೇಳಿದೆ. ಮೊದಲು ಬೆಡ್‌ರೂಮಿನಲ್ಲಿ ಹಾಸಿದ್ದೆ. ಒಂದೇ ದಿನದಲ್ಲಿ ಬೀರುವಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ ಅಂತ ಗೊತ್ತಾಯಿತು. ಆಮೇಲೆ ಹಾಲ್‌ನ ಕಿಟಕಿ ಪಕ್ಕ ಹಾಸಿದೆ. ಅಲ್ಲಿ ಯಾರಿಗೂ ಅಡ್ಡ ಬರಲಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸುಮ್ನೆ ಕಣ್ಣಳತೆಯಲ್ಲಿ ತಂದಿಟ್ಟಿದ್ದರೆ ಮತ್ತೆ ಎಲ್ಲ ಎತ್ತಬೇಕಾಗುತ್ತಿತ್ತು.

ಕಿಟಕಿ ಎಡಗಡೆ ಬರುವಂತೆ ಮೇಜಿಟ್ಟೆ. ಕಿಟಕಿಗೆ ಬೆನ್ನು ಹಾಕಿದರೆ ಕಂಪ್ಯೂಟರ್ ಪರದೆ ಮೇಲೆ ಬೆಳಕು ಹೊಳೆದು ಅಂಕಿ ಕಾಣುವುದಿಲ್ಲ. ಮುಖ ಮಾಡಿದರೆ ಕಣ್ಣು ಕುಕ್ಕುತ್ತದೆ. ಪಕ್ಕಕ್ಕಿದ್ದರೆ ಎರಡೂ ಇಲ್ಲ. ಎಡಗಡೆಯಿಂದ ಬೆಳಕು ಬಂದರೆ ಬಲಗೈಯಲ್ಲಿ ಬರೆಯುವಾಗ ಕಾಗದದ ಮೇಲೆ ಕೈಯ ನೆರಳೂ ಬೀಳುವುದಿಲ್ಲ.

ಆಚಾರರು ಬಂದರು. ಗಟ್ಟಿ ನೆಲದ ಮೇಲೆ ಮೇಜು ಮಗುಚಿ, ನಾಲ್ಕೂ ಕಾಲಿಗೆ ಗುರುತು ಹಾಕಿ, ಗರಗಸದಲ್ಲಿ ಕೊಯ್ದರು. ನಾನು ಖುಷಿಯಿಂದ ಕುರ್ಚಿ ಎಳೆದು ಕೂತರೆ ತೊಡೆ ಡ್ರಾಯರ್‌ಗೆ ತಾಗಿತು! ಮೇಜಿನ ಹಲಗೆ ಕೆಳಗೆ ನಾಲ್ಕು ಇಂಚಿನ ಡ್ರಾಯರ್ ಇತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಮೇಜಿನ ಎತ್ತರ ಎಷ್ಟು ಮುಖ್ಯವೋ ಅದರ ಕೆಳಗೆ ತೊಡೆಗೆ ಸಿಗುವ ಜಾಗವೂ ಅಷ್ಟೇ ಮುಖ್ಯ. ಆಚಾರರು ಮಾರನೇ ದಿನ ಬಂದು ಡ್ರಾಯರ್ ಕಳಚಿ, ಮುಂದಿನ ಅಡ್ಡಪಟ್ಟಿಯನ್ನೂ ತೆಗೆದರು. ಕಾಲು ಅಲ್ಲಾಡದಂತೆ ಹಿಂದೆ ಒಂದು ಪಟ್ಟಿ ಬಿಗಿದರು. ಹಲಗೆಯ ಮುಂದಿನ ಅಂಚು ಮಣಿಕಟ್ಟಿಗೆ ಒತ್ತುತ್ತಿತ್ತು. ಅದನ್ನು ಉಜ್ಜಿ ದುಂಡಗೆ ಮಾಡಿಸಿದೆ.

ಡ್ರಾಯರ್ ಬಿಸಾಡಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ಸಾಮಾನು ಸಿಗುವ ಎಸ್‌ಪಿ ರೋಡ್‌ನಿಂದ 22 ಇಂಚಿನ ಹಳೆಯ ಮಾನಿಟರ್ ತಂದಿದ್ದೆವು, 4,000 ರೂಪಾಯಿ. ಅದರ ಮೇಲಂಚು ಮೇಜಿನಿಂದ 16 ಇಂಚು ಎತ್ತರಕ್ಕೆ ಬರುತ್ತಿತ್ತು. ಕುರ್ಚಿಯ 17, ಕಣ್ಣಿನ 28 ಸೇರಿಸಿದರೆ ನನ್ನ ಕಣ್ಣು ನೆಲದಿಂದ 45 ಇಂಚಿನಲ್ಲಿದೆ. ಮೇಜಿನ ಎತ್ತರ ಕಳೆದರೆ ಹತ್ತೊಂಬತ್ತೂವರೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು, ಅಥವಾ ಚೂರು ಕೆಳಗೆ. ಡ್ರಾಯರ್ ಮಗುಚಿ ಇಟ್ಟು ಅದರ ಮೇಲೆ ಮಾನಿಟರ್ ಇಟ್ಟರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ಡ್ರಾಯರ್‌ನ ತಳ ತೆಳುವಾಗಿತ್ತು, ಭಾರಕ್ಕೆ ಬಾಗದಂತೆ ಆಚಾರರು 12 ಎಂಎಂ ಪ್ಲೈವುಡ್ ತುಂಡು ಹೊಡೆದುಕೊಟ್ಟರು. ಮುಂದಿನ ಹಲಗೆ ತೆಗೆಸಿದೆ. ಕೆಲಸ ಮುಗಿದ ಮೇಲೆ ಕೀಬೋರ್ಡು, ಬಿಲ್ಲಿನ ಕಟ್ಟು ಅದರೊಳಗೆ ತಳ್ಳುತ್ತೇನೆ. ಮಾನಿಟರ್ ಗೋಡೆಗೆ ಒತ್ತಿಟ್ಟಿದ್ದರಿಂದ ಒಂದು ತೋಳಿನಷ್ಟು ದೂರ ಸಿಕ್ಕಿತು.

ಇನ್ನು ಕಾಲು. ಕುರ್ಚಿ 17, ನನ್ನ ಕಾಲು 15. ಎರಡು ಇಂಚು ಕೊರತೆ. ನಾನು ಅಡುಗೆಮನೆಯಿಂದ ಮಣೆ ತಂದಿಟ್ಟೆ. "ಊಟಕ್ಕೆ ಕೂರೋ ಮಣೆ ಮೇಲೆ ಕಾಲಿಡ್ತಾರಾ?" ಅಂದರು ಅತ್ತೆ. ಅವರು ಹೇಳಿದ್ದು ಸರಿ ಅನ್ನಿಸಿತು, ತೊಳೆದು ವಾಪಸ್ ಇಟ್ಟೆ. ಆಗ ಅವರೇ ಒಂದು ಚೀಲ ತಂದರು. ಅದರಲ್ಲಿ ಮೇಜಿನ ಕಾಲಿನ ನಾಲ್ಕು ತುಂಡುಗಳಿದ್ದವು. ಮುಂದಿನ ಎರಡನ್ನು ಒಂದೂವರೆ ಇಂಚಿಗೆ, ಹಿಂದಿನ ಎರಡನ್ನು ಮೂರು ಇಂಚಿಗೆ ಕೊಯ್ಸಿ, ಮೇಲೆ ಹಲಗೆ ಬಡಿಸಿದೆವು. ಪಾದ ಸ್ವಲ್ಪ ಇಳಿಜಾರಾಗಿ ಕೂರುತ್ತದೆ. ಈ ಮನೆಯಲ್ಲಿ ನನಗೆ ತುಂಬ ಪ್ರೀತಿಯ ವಸ್ತು ಅದು.

ಕೀಬೋರ್ಡಿನ ವಿಷಯ ಲೆಕ್ಕದ ಕೆಲಸದವರಿಗೆ ಹೇಳಲೇಬೇಕು. ನಮಗೆ ಬಲಗಡೆ ನಂಬರ್ ಪ್ಯಾಡ್ ಇಲ್ಲದೆ ಕೈ ಓಡುವುದಿಲ್ಲ. ಆದರೆ ಅದರಿಂದಾಗಿ ಮೌಸ್ ಇನ್ನೂ ದೂರಕ್ಕೆ ಹೋಗುತ್ತದೆ, ಬಲ ಹೆಗಲು ಇಡೀ ದಿನ ಹೊರಕ್ಕೆ ಚಾಚಿರುತ್ತದೆ. ನಾನು ನಂಬರ್ ಪ್ಯಾಡ್ ಇಲ್ಲದ ಗಿಡ್ಡ ಕೀಬೋರ್ಡು ತಂದು, ಪ್ಯಾಡ್ ಬೇರೆಯಾಗಿ ಬಲಗಡೆ ಇಟ್ಟೆ. ಮೌಸನ್ನು ಎಡಗೈಗೆ ಕೊಟ್ಟೆ. ಮೊದಲ ವಾರ ಬಹಳ ನಿಧಾನವಾಗಿತ್ತು. ಎರಡು ವಾರದಲ್ಲಿ ರೂಢಿಯಾಯಿತು. ತಾರೀಖು ಹತ್ತಿರ ಇರುವಾಗ ಮಾತ್ರ ಈ ಪ್ರಯೋಗಕ್ಕೆ ಇಳಿಯಬೇಡಿ. 21ರ ನಂತರ ಶುರು ಮಾಡಿ.

ರಾತ್ರಿಗೆ 9 ವಾಟಿನ ಎಲ್‌ಇಡಿ ಹಾಕಿದ ಮೇಜಿನ ದೀಪ ಇದೆ, ಬೆಳಕು ಕಾಗದದ ಮೇಲೆ ಮಾತ್ರ ಬೀಳುವಂತೆ ತಿರುಗಿಸಿದ್ದೇನೆ. ರೌಟರ್‌ಗೆ ಒಂದು ಪುಟ್ಟ ಯುಪಿಎಸ್ ಇಟ್ಟೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ನೆಟ್ ಹೋಗಿಬಿಟ್ಟರೆ ಪೋರ್ಟಲ್‌ನಲ್ಲಿ ಅರ್ಧ ತುಂಬಿದ್ದು ಮತ್ತೆ ತುಂಬಬೇಕು. ಕೊಳ್ಳುವ ಮೊದಲು ರೌಟರ್ ಅಡಾಪ್ಟರ್ ಹಿಂದೆ ಬರೆದಿರುವ ವೋಲ್ಟ್ ನೋಡಿ. ನಮ್ಮದು 12. ಅದಕ್ಕೆ ಹೊಂದುವುದೇ ತರಬೇಕು. ಕುರ್ಚಿ, ಮಾನಿಟರ್, ಕೀಬೋರ್ಡು, ಪ್ಯಾಡ್, ಮೌಸ್, ದೀಪ, ಯುಪಿಎಸ್, ಆಚಾರರ ಕೂಲಿ ಎಲ್ಲ ಸೇರಿ 13 ಸಾವಿರದ ಒಳಗೆ ಮುಗಿಯಿತು.

ಹಾಲ್‌ನಲ್ಲಿ ಕೂರುವುದು ಅಂದರೆ ಟಿವಿ, ಕುಕ್ಕರ್ ಸೀಟಿ, ಬಂದು ಹೋಗುವವರು. ಅತ್ತೆಯ ಧಾರಾವಾಹಿಗೆ ಅಡ್ಡಿ ಮಾಡಲು ನನಗೆ ಇಷ್ಟವಿರಲಿಲ್ಲ. ಮನೆ ಇಡೀ ದಿನ ಅವರದು, ಕೆಲಸ ತಂದು ನಡುವೆ ಕೂತವಳು ನಾನು. ಟಿವಿಯನ್ನು ಬೆಡ್‌ರೂಮಿಗೆ ಹಾಕಿಸಿದೆವು. ಗೋಡೆಯ ಕ್ಯಾಲೆಂಡರ್‌ನಲ್ಲಿ 11 ಮತ್ತು 20ಕ್ಕೆ ಕೆಂಪು ಸುತ್ತು ಹಾಕಿದೆ. ಆ ದಿನಗಳಲ್ಲಿ ಅಡುಗೆ ಗಂಡನದು. ಮಿಕ್ಕ ದಿನ ಸಂಜೆ ಆರಕ್ಕೆ ಮಾನಿಟರ್ ಮೇಲೆ ಹಳೆಯ ಕಾಟನ್ ಸೀರೆಯ ತುಂಡು ಹೊದಿಸುತ್ತೇನೆ. ಆಮೇಲೆ ಯಾರ ಫೋನ್ ಬಂದರೂ ನಾಳೆಗೆ.

ಎಷ್ಟೇ ಒಳ್ಳೆಯ ಕುರ್ಚಿ ಇದ್ದರೂ ಒಂದೇ ಸಮನೆ ಕೂತರೆ ಮೈ ಕಟ್ಟುತ್ತದೆ. ನಾನು ನೀರಿನ ದೊಡ್ಡ ಬಾಟಲಿ ಇಟ್ಟುಕೊಳ್ಳುವುದಿಲ್ಲ. ಸಣ್ಣ ಲೋಟ ಇಡುತ್ತೇನೆ. ಮುಕ್ಕಾಲು ಗಂಟೆಗೊಮ್ಮೆ ಅಡುಗೆಮನೆಗೆ ಎದ್ದು ಹೋಗಲೇಬೇಕು. ಕಣ್ಣಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆಯ ಹೊಂಗೆ ಮರ.

ನಾಲ್ಕು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಮತ್ತೆ ಕುತ್ತಿಗೆ ಹಿಂಭಾಗ ಹಿಡಿಯತೊಡಗಿತು. ಮೇಜು ಅದೇ, ಕುರ್ಚಿ ಅದೇ. ಮಗಳ ಹತ್ತಿರ ಮತ್ತೆ ಫೋಟೊ ತೆಗೆಸಿದೆ. ಗಲ್ಲ ಮೇಲಕ್ಕೆತ್ತಿ ಕೂತಿದ್ದೆ. ಆ ತಿಂಗಳು ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಕನ್ನಡಕ ಬಂದಿತ್ತು. ಅದರಲ್ಲಿ ಹತ್ತಿರದ್ದು ಕಾಣುವುದು ಗಾಜಿನ ಕೆಳಭಾಗದಲ್ಲಿ. ಪರದೆ ಓದಲು ನನಗೇ ತಿಳಿಯದೆ ತಲೆ ಎತ್ತುತ್ತಿದ್ದೆ. ಡ್ರಾಯರ್ ತೆಗೆದು ಮಾನಿಟರನ್ನು ಮೇಜಿನ ಮೇಲೇ ಇಟ್ಟೆ, ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದೆ. ಒಂದು ವಾರದಲ್ಲಿ ನೋವು ಇಳಿಯಿತು.

ಡ್ರಾಯರ್ ಈಗ ಡೈನಿಂಗ್ ಟೇಬಲ್ ಮೇಲಿದೆ. ಮಗಳು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೇರೆ ಕೀಬೋರ್ಡು ಹಾಕಿಕೊಂಡು ಓದುತ್ತಾಳೆ. ಅವಳು ನನಗಿಂತ ನಾಲ್ಕು ಇಂಚು ಎತ್ತರ. ಮೊನ್ನೆ ಟೇಪು ಹಿಡಿದು ಅವಳ ಕಣ್ಣಿನ ಮಟ್ಟ ನೋಡಿದೆವು. ಇನ್ನೂ ಬೇಕು. ಸದ್ಯಕ್ಕೆ ಡ್ರಾಯರ್ ಕೆಳಗೆ ಎರಡು ಹಳೆಯ ಟೆಲಿಫೋನ್ ಡೈರೆಕ್ಟರಿ ಇಟ್ಟಿದ್ದೇವೆ.