ಹುಣಸೆ ಬೀಜದ ಪೋಕರ್

ಶ್ರಾವಣದ ಮಳೆ ಧಾರವಾಡದಲ್ಲಿ ಒಮ್ಮೆ ಹಿಡಿಯಿತೆಂದರೆ ಬಿಡುವ ಪೈಕಿ ಅಲ್ಲ. ಪಂಚಮಿಗೆಂದು ಅಕ್ಕ ಮಕ್ಕಳನ್ನು ಕರಕೊಂಡು ಹುಬ್ಬಳ್ಳಿಯಿಂದ ಬಂದಾಗ ಜೋಕಾಲಿ ಹಗ್ಗ ತೊಯ್ದು ತೊಪ್ಪೆಯಾಗಿ ಬೇವಿನ ಗಿಡಕ್ಕೆ ಜೋತುಬಿದ್ದಿತ್ತು. ಅಳಿಯನಿಗೆ ಹನ್ನೊಂದು ವರ್ಷ, ಸೊಸೆಗೆ ಹದಿನಾಲ್ಕು. ಇಬ್ಬರ ಕೈಯಿಂದಲೂ ಫೋನು ಕಸಿದಿಟ್ಟಾಗಿತ್ತು. ಕಸಿದ ಮೇಲೆ ಬದಲಿಗೆ ಏನಾದರೂ ಕೊಡಬೇಕಲ್ಲ? "ಮಾಮಾ, ನಿನಗ ಪೋಕರ್ ಬರ್ತದಂತ, ಕಲಸು" ಅಂದಳು ಸೊಸೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ರೂಮಿನ ಗೆಳೆಯರ ಜೊತೆ ಈ ಇಸ್ಪೀಟ್ ಆಟ ಆಡಿ ಕಲಿತದ್ದನ್ನು ಯಾವಾಗಲೋ ಬಾಯಿಬಿಟ್ಟಿದ್ದೆ.

ಅಕ್ಕ ಅಡಿಗೆಮನೆಯಿಂದಲೇ ಕೂಗಿದಳು: "ಹುಡುಗರಿಗೆ ಜೂಜು ಕಲಸ್ತೀಯೇನೋ?"

ಷರತ್ತು ಅಲ್ಲೇ ಮಾಡಿಕೊಂಡೆವು. ರೊಕ್ಕ ಇಲ್ಲ, ರೊಕ್ಕದ ಮಾತೂ ಇಲ್ಲ, ಮೊಬೈಲ್ ಆ್ಯಪ್ ಅಂತೂ ಇಲ್ಲವೇ ಇಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾಯ್ದೆ ತಂದು ನಿಷೇಧಿಸಿತು. ಕಾಯ್ದೆ ಇರದಿದ್ದರೂ ನನ್ನ ಮನೆಯಲ್ಲಿ ಇದೇ ನಡೆಯುತ್ತಿತ್ತು.

ಮೊದಲ ಸಂಜೆ ಪೂರ್ತಿ ಹಾಳಾಯಿತು, ತಪ್ಪು ನನ್ನದೇ. ನವಲಗುಂದದ ಜಮಖಾನ ಹಾಸಿ, ಒಬ್ಬೊಬ್ಬರಿಗೆ ಒಂದು ಹಿಡಿ ಹುರಿದ ಶೇಂಗಾವನ್ನು ಚಿಪ್ಸಿನ, ಅಂದರೆ ಪಣಕ್ಕಿಡುವ ಬಿಲ್ಲೆಗಳ, ಲೆಕ್ಕದಲ್ಲಿ ಕೊಟ್ಟು, ಒಂದೇ ಉಸಿರಿನಲ್ಲಿ ಬ್ಲೈಂಡು, ಫ್ಲಾಪು, ಟರ್ನು, ರಿವರ್ರು, ಹತ್ತು ಮೆಟ್ಟಿಲಿನ ಪಟ್ಟಿ ಎಲ್ಲ ಹೇಳಿಬಿಟ್ಟೆ. ನಾಲ್ಕನೇ ಆಟಕ್ಕೆ ಅಳಿಯನ ಮುಂದೆ ಒಂದೂ ಶೇಂಗಾ ಇರಲಿಲ್ಲ. ಸೋತಿರಲಿಲ್ಲ, ತಿಂದಿದ್ದ. ಪಕ್ಕದ ಮನೆ ಹುಡುಗ ನಡುವಿನ ಗುಡ್ಡೆಗೇ ಕೈ ಹಾಕಿದ್ದ.

ಮರುದಿನ ಅವ್ವ ಹುಣಸೆಹಣ್ಣು ಬಿಡಿಸಿ ತೆಗೆದಿಟ್ಟಿದ್ದ ಬೀಜ ತಂದೆ. ತೊಳೆದು ಒಣಗಿಸಿದರೆ ಕೈಗೆ ನುಣ್ಣಗೆ, ಗಟ್ಟಿ, ತಿನ್ನಲು ಆಸೆಯಾಗುವುದಿಲ್ಲ. ಐದು ಮಂದಿಗೆ ತಲಾ 40, ಒಟ್ಟು 200. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ, ಆ ಸಂಜೆ ಬೀಜಗಳನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಒಬ್ಬೊಬ್ಬರಿಗೆ ಐದೈದು ಎಲೆ ಹಂಚುವುದು, ಎಲ್ಲರೂ ಮುಖ ಮೇಲೆ ಮಾಡಿ ಇಡುವುದು, ಯಾರದು ದೊಡ್ಡದು ಎಂದು ಜಗಳಾಡುವುದು. ಅಷ್ಟೇ ಆಟ. ಇಪ್ಪತ್ತು ಸಲ ಹಂಚಿದ ಮೇಲೆ ಅಳಿಯನೇ ಅಂದ, "ಮಾಮಾ, ಭಾಳ ಸಲ ಏನೂ ಬರೂದೇ ಇಲ್ಲಲಾ." ಸರಿಯಾಗಿ ಹಿಡಿದಿದ್ದ. ಐದು ಎಲೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸಲ ಒಂದು ಜೋಡಿಯೂ ಬೀಳುವುದಿಲ್ಲ, ದೊಡ್ಡ ಎಲೆ ಯಾರದೋ ಅವರದೇ ಗೆಲುವು. ಅದರ ಮೇಲೆ ಒಂದು ಜೋಡಿ, ಎರಡು ಜೋಡಿ, ಒಂದೇ ಅಂಕಿಯ ಮೂರು, ನಂತರ ಸಾಲಾಗಿ ಐದು ಬಂದರೆ ಸ್ಟ್ರೇಟ್, ಐದೂ ಒಂದೇ ಜಾತಿಯಾದರೆ ಫ್ಲಶ್, ಮೂರು ಒಂದು ಥರ ಎರಡು ಇನ್ನೊಂದು ಥರ ಇದ್ದರೆ ಫುಲ್ ಹೌಸ್, ಒಂದೇ ಅಂಕಿಯ ನಾಲ್ಕು, ಒಂದೇ ಜಾತಿಯ ಸಾಲು ಸ್ಟ್ರೇಟ್ ಫ್ಲಶ್. ಹತ್ತರಿಂದ ಎಕ್ಕಾದವರೆಗೆ ಒಂದೇ ಜಾತಿಯಲ್ಲಿ ಬಂದರೆ ರಾಯಲ್ ಫ್ಲಶ್. ಇಸ್ಪೀಟು ದೊಡ್ಡದು ಆಟಿನ್ ಸಣ್ಣದು ಎಂಬ ಜಾತಿಭೇದ ಇಲ್ಲಿಲ್ಲ. ಎಕ್ಕಾ ರಾಜನ ಮೇಲೂ ಕೂರುತ್ತದೆ, 2-3-4-5ರ ಕೆಳಗೂ ಕೂರುತ್ತದೆ, ಆದರೆ ರಾಜಾ-ಎಕ್ಕಾ-ಎರಡು ಎಂದು ಸುತ್ತು ಹಾಕುವಂತಿಲ್ಲ.

ಇಷ್ಟು ಹೊತ್ತು ತೂಗುಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ ನಮ್ಮ ಕಾಕಾ ಎದ್ದು ಬಂದರು. ದೀಪಾವಳಿಗೆ ದೀಪಾವಳಿಗೆ ಮೂರು ಎಲೆಯ ತೀನ್ ಪತ್ತಿ ಆಡಿ ಪಳಗಿದ ಕೈ. ಅವರ ಆಟದಲ್ಲಿ ಫ್ಲಶ್ಶಿಗೆ ಕಲರ್, ಸ್ಟ್ರೇಟಿಗೆ ಸೀಕ್ವೆನ್ಸ್ ಅನ್ನುತ್ತಾರೆ.

"ಏ ತಮ್ಮಾ, ಕಲರ್ ಮ್ಯಾಲ ಸೀಕ್ವೆನ್ಸ್ ಇರ್ತದೋ. ಹುಡುಗರಿಗೆ ಉಲ್ಟಾ ಕಲಸಬ್ಯಾಡ."

"ಕಾಕಾ, ಪೋಕರಿನ್ಯಾಗ ಕಲರೇ ದೊಡ್ಡದ್ರೀ."

"ಯಾಕಂತ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಎಷ್ಟೋ ವರ್ಷ ಆಡಿದ್ದೆ, ಕೇಳಿಕೊಂಡೇ ಇರಲಿಲ್ಲ. ರಾತ್ರಿ ಸೊಸೆಯ ರಫ್ ನೋಟುಬುಕ್ಕಿನಲ್ಲಿ ಲೆಕ್ಕ ಹಾಕಲು ಕೂತೆವು. ಮೂರು ಎಲೆಯ ಆಟದಲ್ಲಿ ಸಾಲುಗಳು 12 ಬಗೆ: ಎಕ್ಕಾ-2-3ರಿಂದ ಹಿಡಿದು ರಾಣಿ-ರಾಜಾ-ಎಕ್ಕಾವರೆಗೆ. ಪ್ರತಿ ಎಲೆಗೂ ನಾಲ್ಕು ಜಾತಿ, ಹಾಗಾಗಿ 12×4×4×4, ಅಂದರೆ 768. ಅದರಲ್ಲಿ ಒಂದೇ ಜಾತಿಯವು 48, ಅವನ್ನು ಕಳೆದರೆ 720. ಕಲರ್ ಲೆಕ್ಕ: 13 ಎಲೆಯಲ್ಲಿ ಮೂರನ್ನು ಆರಿಸುವ ರೀತಿ 286, ನಾಲ್ಕು ಜಾತಿಗೆ 1144, ಅದೇ 48 ಕಳೆದರೆ 1096. ಸೀಕ್ವೆನ್ಸ್ ಬರುವುದು ಕಡಿಮೆ, ಆದ್ದರಿಂದ ಕಾಕಾನ ಆಟದಲ್ಲಿ ಅದು ಮೇಲೆ. ಐದು ಎಲೆಗೆ ಹೋದ ಕೂಡಲೇ ತಕ್ಕಡಿ ಆ ಕಡೆ ವಾಲುತ್ತದೆ. ಸ್ಟ್ರೇಟ್ 10,200 ರೀತಿಯಲ್ಲಿ ಬರಬಹುದು, ಫ್ಲಶ್ 5,108 ರೀತಿಯಲ್ಲಿ ಮಾತ್ರ. ಅಲ್ಲಿಗೆ ಸೊಸೆ ಪಟ್ಟಿ ಬಾಯಿಪಾಠ ಮಾಡುವುದನ್ನೇ ಬಿಟ್ಟಳು. ಯಾವುದು ಅಪರೂಪವೋ ಅದು ಮೇಲೆ ಎಂಬುದು ಗೊತ್ತಾದರೆ ಪಟ್ಟಿ ತನ್ನಷ್ಟಕ್ಕೆ ನೆನಪಿರುತ್ತದೆ. ಲೆಕ್ಕದ ನಡುವೆ ಇನ್ನೊಂದು ತಮಾಷೆಯೂ ಸಿಕ್ಕಿತು. ತೀನ್ ಪತ್ತಿಯ ರಾಜನಾದ ಟ್ರೇಲ್, ಅಂದರೆ ಒಂದೇ ಅಂಕಿಯ ಮೂರು, 52 ರೀತಿ ಬರುತ್ತದೆ, ಅದರ ಕೆಳಗಿರುವ ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಜಾತಿಯ ಸಾಲು, 48 ರೀತಿ ಮಾತ್ರ. ಇದನ್ನು ಕಾಕಾಗೆ ಹೇಳಲಿಲ್ಲ. ಒಂದು ದಿನಕ್ಕೆ ಒಂದೇ ಜಗಳ ಸಾಕು.

ಮೂರನೇ ಸಂಜೆ ಪೋಕರಿನದೇ ಒಂದು ಬಗೆಯಾದ ಟೆಕ್ಸಾಸ್ ಹೋಲ್ಡೆಮ್. ಕೈಯಲ್ಲಿ ಎರಡು ಎಲೆ ಗುಟ್ಟಾಗಿ, ಜಮಖಾನದ ಮೇಲೆ ಎಲ್ಲರಿಗೂ ಸೇರಿದ ಐದು. ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್. ಆಮೇಲೆ ಒಂದು, ಟರ್ನ್. ಕೊನೆಗೆ ಇನ್ನೊಂದು, ರಿವರ್. ಏಳರಲ್ಲಿ ಒಳ್ಳೆಯ ಐದನ್ನು ಹಿಡಿಯಬೇಕು. ಕೈಯಲ್ಲಿರುವ ಎರಡನ್ನೂ ಬಳಸಲೇಬೇಕೆಂದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹುಡುಗರಿಗೆ ಹತ್ತಲಿಲ್ಲ. ಕೊನೆಗೆ ಒಂದು ಆಟ ತಾನೇ ಹೇಳಿಕೊಟ್ಟಿತು. ನೆಲದ ಮೇಲೆ ಕಳಾವರ ಎಕ್ಕಾ, ಡೈಮಂಡ್ 10, ಆಟಿನ್ 4, ಕಳಾವರ 9, ಇಸ್ಪೀಟ್ 2. ಅಳಿಯನ ಕೈಯಲ್ಲಿ ಎಕ್ಕಾ, 7. ಸೊಸೆಯ ಕೈಯಲ್ಲಿ ಎಕ್ಕಾ, ರಾಣಿ. ಇಬ್ಬರಿಗೂ ಎಕ್ಕಾ ಜೋಡಿ. "ಸಮಾ ಸಮಾ!" ಎಂದು ಅಳಿಯ ಕೂಗಿಯೇಬಿಟ್ಟ. ಐದನ್ನು ಸಾಲಾಗಿ ಇಡಿಸಿದೆ. ಅವಳದು ಎಕ್ಕಾ, ಎಕ್ಕಾ, ರಾಣಿ, 10, 9. ಅವನದು ಎಕ್ಕಾ, ಎಕ್ಕಾ, 10, 9, 7. ಮೂರನೇ ಎಲೆಗೆ ತೀರ್ಮಾನ. ಜೋಡಿಯ ಪಕ್ಕದಲ್ಲಿ ನಿಂತು ಗೆಲ್ಲಿಸುವ ಈ ಎಲೆಗೆ ಕಿಕ್ಕರ್ ಅನ್ನುತ್ತಾರೆ. ಐದೂ ನಿಜವಾಗಿ ಒಂದೇ ಆಗಿದ್ದರೆ ಮಾತ್ರ ಗುಡ್ಡೆ ಪಾಲಾಗುತ್ತದೆ.

ಬೀಜ ಹಾಕುವುದು ನಾಲ್ಕನೇ ಸಂಜೆ ಶುರುವಾಯಿತು. ಅವ್ವನ ಸುಣ್ಣದ ಡಬ್ಬಿ ಯಾರ ಮುಂದೆ ಇದೆಯೋ ಅವರು ಹಂಚುವವರು. ಪ್ರತಿ ಆಟಕ್ಕೆ ಅದು ಎಡಕ್ಕೆ ಸರಿಯುತ್ತದೆ. ಡಬ್ಬಿಯ ಎಡಗಡೆಯವರು ಎಲೆ ನೋಡುವ ಮೊದಲೇ 1 ಬೀಜ, ಅವರ ಎಡಕ್ಕೆ ಕೂತವರು 2 ಹಾಕಬೇಕು. ಇವೇ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್. ಕಾಕಾ ಇಲ್ಲಿ ಮತ್ತೆ ಎಡವಿದರು. ತೀನ್ ಪತ್ತಿಯಲ್ಲಿ ಬ್ಲೈಂಡ್ ಎಂದರೆ ಎಲೆ ನೋಡದೆ ಆಡುವುದು. ಹಾಗಾಗಿ ತಮ್ಮ ಎರಡು ಎಲೆಯನ್ನು ಕಡೆಯತನಕ ಮುಟ್ಟದೆ ಗತ್ತಿನಿಂದ ಕೂತಿದ್ದರು. ನಿಮ್ಮ ಮನೆಯಲ್ಲೂ ಹಳೇ ಆಟಗಾರರಿದ್ದರೆ ಈ ಪದವನ್ನು ಮೊದಲೇ ಬಿಡಿಸಿ ಹೇಳಿ. ಉಳಿದದ್ದು ಸುಲಭ. ಸರದಿ ಬಂದಾಗ ಹಿಂದಿನವರು ಹಾಕಿದಷ್ಟೇ ಹಾಕಿದರೆ ಕಾಲ್, ಹೆಚ್ಚಿಗೆ ಹಾಕಿದರೆ ರೇಜ್, ಎಲೆ ಮುಚ್ಚಿ ಒಗೆದರೆ ಫೋಲ್ಡ್, ಅಂದರೆ ಕಾಕಾನ ಪ್ಯಾಕ್. ಯಾರೂ ಹಾಕಿರದಿದ್ದರೆ ಚೆಕ್ ಎಂದು ಸುಮ್ಮನಿರಬಹುದು. ಇದು ನಾಲ್ಕು ಸಲ ನಡೆಯುತ್ತದೆ: ಎರಡೆಲೆ ಸಿಕ್ಕಾಗ, ಫ್ಲಾಪ್ ಆದ ಮೇಲೆ, ಟರ್ನ್ ಆದ ಮೇಲೆ, ರಿವರ್ ಆದ ಮೇಲೆ. ಮೊದಲ ಸುತ್ತಿನಲ್ಲಿ ಬಿಗ್ ಬ್ಲೈಂಡಿನ ಎಡಗಡೆಯವರಿಂದ, ಮುಂದಿನವುಗಳಲ್ಲಿ ಡಬ್ಬಿಯ ಎಡಗಡೆ ಇನ್ನೂ ಆಟದಲ್ಲಿರುವವರಿಂದ ಶುರು.

ನಾನು ಒಂದು ಮಿತಿ ಹಾಕಿದೆ: ಒಂದು ಸಲಕ್ಕೆ 4 ಬೀಜಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹೊಸಬರಿಗೆ, ಅದರಲ್ಲೂ ಮಕ್ಕಳಿಗೆ, ಇದ್ದಬದ್ದ ಬೀಜವನ್ನೆಲ್ಲ ಒಟ್ಟಿಗೆ ಇಡುವ ಆಲ್ ಇನ್ ಬೇಡ ಎಂದೇ ನನ್ನ ಅಭಿಪ್ರಾಯ. ಎರಡನೇ ಆಟದಲ್ಲೇ ಒಬ್ಬ ಎಲ್ಲ ಕಳಕೊಂಡು ಉಳಿದ ಗಂಟೆ ಹೊತ್ತು ಬಾಯಿ ನೋಡುತ್ತ ಕೂತರೆ ಅದೆಂಥ ಮೋಜು? ಸಾಲ ಕೊಡುವುದನ್ನೂ ನಿಲ್ಲಿಸಿದೆ. ಅಳಿಯ ಪಕ್ಕದ ಮನೆ ಹುಡುಗನಿಗೆ ಹತ್ತು ಬೀಜ ಕೊಟ್ಟು ಹನ್ನೆರಡು ವಾಪಸ್ ಕೇಳಿದ್ದ. ಬಡ್ಡಿ ಅವನಿಗೆ ಯಾರು ಕಲಿಸಿದರೋ, ನಾನಂತೂ ಅಲ್ಲ. ಯಾರದಾದರೂ ಖಾಲಿಯಾದರೆ ಎಲ್ಲರೂ ಬೀಜದ ಡಬ್ಬಿಗೆ ಸುರಿದು ಮತ್ತೆ ನಲವತ್ತರಿಂದ ಶುರು.

ಬ್ಲಫ್, ಅಂದರೆ ಕೆಟ್ಟ ಎಲೆ ಹಿಡಿದೂ ಒಳ್ಳೆಯದಿದ್ದಂತೆ ನಟಿಸುವುದನ್ನು, ನಾನು ಕಲಿಸಲಿಲ್ಲ. ಒಳ್ಳೆಯ ಎಲೆ ಬಂದಾಗಲೆಲ್ಲ ಅಳಿಯ ಬೆನ್ನು ನೆಟ್ಟಗೆ ಮಾಡುತ್ತಾನೆ ಎಂಬುದನ್ನು ಸೊಸೆ ಎರಡೇ ದಿನಕ್ಕೆ ಕಂಡುಹಿಡಿದು ಅವನು ನೆಟ್ಟಗಾದ ಕೂಡಲೇ ಫೋಲ್ಡ್ ಮಾಡತೊಡಗಿದಳು. ಅವನಿಗೂ ಅದು ತಿಳಿಯಿತು. ಆರನೇ ಸಂಜೆ 3, 8 ಹಿಡಿದುಕೊಂಡು ಗರುಡಗಂಬದ ಹಾಗೆ ಕೂತು ನಾಲ್ಕು ನಾಲ್ಕು ಏರಿಸಿ ಗುಡ್ಡೆ ಬಾಚಿದ. ಎಲ್ಲರೂ ಒಗೆದಿದ್ದರಿಂದ ಎಲೆ ತೋರಿಸಬೇಕಾಗಿರಲಿಲ್ಲ. ಆದರೂ ತೋರಿಸಿದ, ಕುಣಿದ. ತೋರಿಸಬೇಡ ಎಂಬುದನ್ನು ಮುಂದಿನ ರಜೆಗೆ ಇಟ್ಟುಕೊಂಡಿದ್ದೇನೆ.

ಅವರು ಹುಬ್ಬಳ್ಳಿ ಬಸ್ಸು ಹತ್ತುವ ಮುಂಜಾನೆ ಡಬ್ಬಿ ಎಣಿಸಿದರೆ 193 ಬೀಜ ಇದ್ದವು. ಜಮಖಾನ ಜಾಡಿಸಿದಾಗ ಮೂರು ಸಿಕ್ಕವು. ಉಳಿದ ನಾಲ್ಕು ಕಾಕಾನ ಅಂಗಿಯ ಕಿಸೆಯಲ್ಲಿದ್ದವು.

"ಅವು ನಾ ಗೆದ್ದವು" ಅಂದರು ಕಾಕಾ.